ನಿನೆವೆಗೆ ಸಿಕ್ಕ 40 ದಿನ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋನನ ಗ್ರಂಥ ಎಂಬ ಪುಟ್ಟ ಭಾಗವೊಂದಿದೆ. ಇರುವುದು ನಾಲ್ಕೇ ಅಧ್ಯಾಯ. ಯೋನನೆಂದರೆ ಮಕ್ಕಳಿಗೆ ಥಟ್ಟನೆ ನೆನಪಾಗುವುದು ಅವನನ್ನು ನುಂಗಿದ ದೊಡ್ಡ ಮೀನು. ಕಥೆಯ ತಿರುಳಿರುವುದು ಮಾತ್ರ ಕೊನೆಯಲ್ಲಿ ಬರುವ ಒಂದು ಗಿಡದ ನೆರಳಿನಲ್ಲಿ.

ಯೋನ ಇಸ್ರಾಯೇಲಿನ ಪ್ರವಾದಿ. ನಿನೆವೆ ಪಟ್ಟಣದ ಕೆಟ್ಟತನ ಮಿತಿಮೀರಿದೆ, ಹೋಗಿ ಎಚ್ಚರಿಸು ಎಂದು ದೇವರು ಅವನಿಗೆ ಅಪ್ಪಣೆ ಮಾಡಿದರು. ಟೈಗ್ರಿಸ್ ನದಿಯ ದಂಡೆಯಲ್ಲಿದ್ದ ನಿನೆವೆ ಅಸ್ಸೀರಿಯದ ಮಹಾನಗರ. ಅದರ ಅವಶೇಷಗಳು ಇಂದಿನ ಇರಾಕಿನ ಮೋಸುಲ್ ಬಳಿ ಇವೆ. ಸೋತವರಿಗೆ ಕೊಟ್ಟ ಚಿತ್ರಹಿಂಸೆಯನ್ನು ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿ ಮೆರೆದವರು ಅಲ್ಲಿನ ಅರಸರು. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲ್ ರಾಜ್ಯವನ್ನು ಅಳಿಸಿದವರೂ ಅಸ್ಸೀರಿಯದವರೇ. ಯೆಹೂದ್ಯರಿಗೆ ನಿನೆವೆ ಎಂದರೆ ಹಗೆಯ ಇನ್ನೊಂದು ಹೆಸರು.

ಪೂರ್ವಕ್ಕೆ ಹೋಗಬೇಕಾದ ಯೋನ ಪಶ್ಚಿಮಕ್ಕೆ ಓಡಿದ. ಯೊಪ್ಪ ಬಂದರಿನಲ್ಲಿ ಹಡಗು ಹತ್ತಿದ. ಬಿರುಗಾಳಿ ಎದ್ದಿತು. ವಿಪತ್ತಿಗೆ ತಾನೇ ಕಾರಣನೆಂದು ಅವನು ಒಪ್ಪಿಕೊಂಡಾಗ ನಾವಿಕರು ಒಲ್ಲದ ಮನಸ್ಸಿನಿಂದ ಅವನನ್ನು ಕಡಲಿಗೆ ಎಸೆದರು. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಕಳೆದು ದಡ ಸೇರಿದವನಿಗೆ ಅದೇ ಅಪ್ಪಣೆ ಮತ್ತೆ ಬಂತು. ತಪ್ಪಿಸಿಕೊಂಡು ಓಡಿದವನಿಗೂ ಇನ್ನೊಂದು ಅವಕಾಶ ಸಿಕ್ಕಿತು.

ಈ ಪಟ್ಟಣಕ್ಕೆ ಉಳಿದಿರುವುದು 40 ದಿನ ಮಾತ್ರ ಎಂದು ಯೋನ ನಿನೆವೆಯಲ್ಲಿ ಸಾರಿದ. ಯಾರೂ ಎಣಿಸದ್ದು ನಡೆಯಿತು. ಅರಸನೇ ಸಿಂಹಾಸನದಿಂದಿಳಿದು, ಗೋಣಿತಟ್ಟು ಉಟ್ಟು, ಬೂದಿಯಲ್ಲಿ ಕುಳಿತ. ಜನರು ಮಾತ್ರವಲ್ಲ, ದನಕುರಿಗಳೂ ಉಪವಾಸವಿರಬೇಕು. ಎಲ್ಲರೂ ಹಿಂಸೆಯನ್ನು ಬಿಡಬೇಕು ಎಂದು ಆಜ್ಞೆ ಹೊರಡಿಸಿದ. ದಂಡನೆ ನಿಂತಿತು. ಇಲ್ಲಿ ಪ್ರಾಚೀನ ಯೆಹೂದ್ಯ ಪಂಡಿತರು ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ: ದೇವರು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ಕಂಡರೆಂದು ಗ್ರಂಥ ಹೇಳುವುದಿಲ್ಲ, ಅವರು ಕೆಟ್ಟ ದಾರಿ ಬಿಟ್ಟದ್ದನ್ನು ಕಂಡರೆಂದು ಹೇಳುತ್ತದೆ.

ಯೋನನಿಗೆ ಸಿಟ್ಟು ಬಂತು. ನೀನು ಕರುಣಾಳು, ಹೀಗೇ ಮಾಡುತ್ತೀ ಎಂದು ಗೊತ್ತಿದ್ದೇ ನಾನು ಓಡಿಹೋದೆ ಎಂದು ಅವನು ದೇವರ ಮೇಲೆಯೇ ದೂರು ಹೇಳಿದ. ಊರ ಹೊರಗೆ ಗುಡಿಸಲು ಹಾಕಿ, ಪಟ್ಟಣದ ಗತಿ ಏನಾಗುವುದೋ ನೋಡೋಣವೆಂದು ಕಾದು ಕುಳಿತ. ದೇವರು ಒಂದು ಗಿಡವನ್ನು ಬೆಳೆಸಿ ನೆರಳು ಕೊಟ್ಟರು. ಮರುದಿನ ಹುಳು ಕಡಿದು ಗಿಡ ಒಣಗಿತು. ಬಿಸಿಲಿನ ಝಳಕ್ಕೆ ಯೋನ ಸಾವನ್ನೇ ಬೇಡಿದ. ನೀನು ನೆಡದ, ಬೆಳೆಸದ ಗಿಡಕ್ಕಾಗಿ ಇಷ್ಟು ಮರುಗುವೆಯಲ್ಲ, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳಿದರು. ಆ ಪ್ರಶ್ನೆಯೊಂದಿಗೆ ಗ್ರಂಥ ಮುಗಿಯುತ್ತದೆ. ಯೋನನ ಉತ್ತರ ಅದರಲ್ಲಿಲ್ಲ.

ಹಾಗೆಂದು ಕರುಣೆಯನ್ನು ಸಲಿಗೆಯೆಂದು ಭಾವಿಸಬಾರದು. ಬೈಬಲಿನ ನಹೂಮನ ಗ್ರಂಥ ಅದೇ ನಿನೆವೆಗೆ ವಿನಾಶವನ್ನು ಸಾರುತ್ತದೆ, ಕ್ರಿ.ಪೂ. 612ರಲ್ಲಿ ಆ ನಗರ ಶತ್ರುಗಳ ಕೈಗೆ ಬಿದ್ದು ಹಾಳಾಯಿತು. ಎಚ್ಚರಿಕೆಗೆ ಓಗೊಟ್ಟು ತಿದ್ದಿಕೊಂಡ ನಿನೆವೆಯ ಜನ ತೀರ್ಪಿನ ದಿನ ಎದ್ದುನಿಂತು, ತಿದ್ದಿಕೊಳ್ಳದವರನ್ನು ಖಂಡಿಸುವರೆಂದು ಯೇಸುಸ್ವಾಮಿಯೂ ಬೋಧಿಸಿದರು. ಕೇರಳದ ಸಿರಿಯನ್ ಕ್ರೈಸ್ತರು ಇಂದಿಗೂ ಈ ಕಥೆಯ ನೆನಪಿಗೆ ಮೂರು ದಿನ ಉಪವಾಸ ಆಚರಿಸುತ್ತಾರೆ.

ಅಂಕಪಟ್ಟಿ ಬಚ್ಚಿಟ್ಟ ಹುಡುಗ ಅಪ್ಪನ ಮುಂದೆ ತಲೆತಗ್ಗಿಸಿ ನಿಂತಾಗ ಆ ಮನೆಯೂ ಒಂದು ನಿನೆವೆಯೇ. ಅಣ್ಣನಿಗೆ ಏಟು ಬೀಳಲಿಲ್ಲವಲ್ಲ ಎಂದು ಬಾಗಿಲಲ್ಲಿ ನಿಂತು ಮುಖ ಊದಿಸಿಕೊಳ್ಳುವ ತಮ್ಮನೇ ಯೋನ. ತಪ್ಪಾಯಿತೆಂಬ ಮಾತು ಮರುದಿನದ ನಡತೆಯಲ್ಲಿ ಕಾಣಬೇಕೆಂಬುದು ಮಕ್ಕಳಿಗೆ ಪಾಠ. ಎಚ್ಚರಿಕೆ ಕೊಟ್ಟ ಮೇಲೆ ತಿದ್ದಿಕೊಳ್ಳಲು 40 ದಿನ ಕೊಡಬೇಕೆಂಬುದು ಹೆತ್ತವರಿಗೆ ಪಾಠ. ಯೋನ ಕೊಡದ ಉತ್ತರವನ್ನು ಪ್ರತಿ ಮನೆಯೂ ಕೊಡಬೇಕಾಗಿದೆ.