ಯಜಮಾನರನ್ನೇ ಕಳಿಸಿ, ಅಕ್ಕೋರೇ

ನಮ್ಮ ಯಜಮಾನರಿಗೆ ಕಾರು ಬಿಡಲು ಬರುವುದಿಲ್ಲ. ಬಾನೆಟ್ಟು ತೆರೆಯುವುದು ಹೇಗೆಂದೂ ತಿಳಿಯದು. ಅಡಿಕೆಯ ಬಣ್ಣ ನೋಡಿ ಕೊಯ್ಲಿನ ದಿನ ಹೇಳಬಲ್ಲರೇ ಹೊರತು, ಬ್ಯಾಟರಿಯಲ್ಲಿ ಪ್ಲಸ್ ಯಾವುದು ಮೈನಸ್ ಯಾವುದು ಎಂದರೆ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಾರೆ. ಆದರೂ ಕಳೆದ ಮಳೆಗಾಲದಲ್ಲಿ ಕಾರಿನ ದೀಪಗಳು ಕೈಕೊಟ್ಟಾಗ ಅಂಗಡಿಯವನು ನನಗೆ ಹೇಳಿದ್ದು ಒಂದೇ ಮಾತು: "ನಿಮಗೆ ಅರ್ಥ ಆಗಲ್ಲ, ಯಜಮಾನರನ್ನೇ ಕಳಿಸಿ ಅಕ್ಕೋರೇ." ಆ ಮಾತಿನ ಮೇಲೆ ನನ್ನ ತಕರಾರಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರು ಹೊಸದಲ್ಲ. 1983ರಲ್ಲಿ ನಮ್ಮ ದೇಶದ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತುಹೋದ ಮಾರುತಿ 800. ನಮ್ಮದಕ್ಕೆ ಇಪ್ಪತ್ತು ವರ್ಷ ದಾಟಿದೆ. ಮೊದಲೆಲ್ಲ ಕೊಪ್ಪದಿಂದ ಸಹಕಾರ ಸಾರಿಗೆ ಬಸ್ಸು ಹತ್ತಿ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆವು. 2020ರಲ್ಲಿ ಆ ಬಸ್ಸುಗಳು ನಿಂತ ಮೇಲೆ ನಾನೇ ಸ್ಟಿಯರಿಂಗ್ ಹಿಡಿದೆ. ದಿನವೂ ನರಸಿಂಹರಾಜಪುರದ ಕಡೆಯ ಶಾಲೆಗೆ, ತಿಂಗಳಿಗೆರಡು ಸಲ ಶೃಂಗೇರಿಯ ತವರಿಗೆ. ಐವತ್ತು ದಾಟಿದವಳು ಕಾರು ಕಲಿತಳೆಂದು ನಕ್ಕವರೇ ಆಮೇಲೆ "ಹೋಗುವಾಗ ನನ್ನನ್ನೂ ಹತ್ತಿಸಿಕೊಳ್ಳಿ" ಎಂದದ್ದೂ ಉಂಟು.

ಹೆಡ್‌ಲೈಟು ಮಂಕಾಗಿದೆ ಎಂದು ಅಂಗಡಿಗೆ ಹೋದೆ. "ಎಲ್‌ಇಡಿ ಹಾಕಿಸಿಬಿಡಿ, ಹಗಲಿನ ಹಾಗೆ ಕಾಣುತ್ತೆ" ಎಂದ. ಮುಂದಿನ ದೀಪ, ಹಿಂದಿನ ದೀಪ, ಇಂಡಿಕೇಟರು ಎಲ್ಲವನ್ನೂ ಬದಲಾಯಿಸಿದ. ಒಂದೇ ವಾರದಲ್ಲಿ ಶುರುವಾಯಿತು ನೋಡಿ. ಇಂಡಿಕೇಟರು ಹೆದರಿದ ಮಗುವಿನ ಎದೆಬಡಿತದಂತೆ ಟಕಟಕನೆ ಬಡಿದುಕೊಳ್ಳುತ್ತಿತ್ತು. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರೂ ಹೊತ್ತಿಕೊಳ್ಳುತ್ತಿತ್ತು. ರೇಡಿಯೋ ಹಾಕಿದರೆ ಹಾಡಿನ ಜೊತೆ ಜೇನುಹುಳದ ಗುಂಯ್‌ಗುಡುವಿಕೆ. ಮೂರು ಸಲ ಅಂಗಡಿಗೆ ಹೋದೆ. ಮೂರು ಸಲವೂ ಏನನ್ನೋ ಬದಲಾಯಿಸಿ ದುಡ್ಡು ಎಣಿಸಿಕೊಂಡ. ಯಾಕೆ ಹೀಗಾಗುತ್ತದೆ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ, ಮೇಲೆ ಹೇಳಿದೆನಲ್ಲ, ಅದೇ.

ಆಮೇಲೆ ಆ ಸಂಜೆ ಬಂತು. ಎಂಬತ್ತು ವರ್ಷದ ಅಮ್ಮನನ್ನು ಡಾಕ್ಟರಿಗೆ ತೋರಿಸಲೆಂದು ಶೃಂಗೇರಿಯಿಂದ ಕೊಪ್ಪಕ್ಕೆ ಕರೆತರುತ್ತಿದ್ದೆ. ಜೊತೆಯಲ್ಲಿ ತಂಗಿ. ಹರಿಹರಪುರ ದಾಟಿದ ಮೇಲೆ ಮಳೆಯ ಜೊತೆ ಮಂಜೂ ಕವಿಯಿತು. ಹಗಲಿನಂತೆ ತೋರಿಸಬೇಕಿದ್ದ ದೀಪ ನನ್ನ ಮುಂದೆ ಒಂದು ಬಿಳಿಯ ಗೋಡೆ ಎಬ್ಬಿಸಿತು. ಎದುರಿನಿಂದ ಬಂದ ಜೀಪಿನವನು ಕಣ್ಣಿಗೆ ಕೈ ಅಡ್ಡ ಹಿಡಿದು ಬೈದುಕೊಂಡು ಹೋದ. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಾಬರಿಯಾಗಿ ದೀಪದ ಸ್ವಿಚ್ಚು ಆರಿಸಿ ಪಕ್ಕಕ್ಕೆ ನಿಲ್ಲಿಸಿದೆ. ತಿರುವಿನಲ್ಲಿ ಕತ್ತಲೆಯ ಕಾರು, ಅದರೊಳಗೆ ಅಮ್ಮ. ಹಿಂದಿನಿಂದ ಟೆಂಪೊ ಬಂತು. ತಂಗಿ ಮಳೆಯಲ್ಲೇ ಓಡಿ ಮೊಬೈಲಿನ ಬೆಳಕು ಬೀಸಿದ್ದರಿಂದ ಅದು ನಾಲ್ಕು ಮಾರು ಹಿಂದೆ ನಿಂತಿತು. ಆ ನಾಲ್ಕು ಮಾರನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುದಿನ ಎನ್.ಆರ್. ಪುರದಲ್ಲಿ ಜೀಪು, ಅಂಬಾಸಿಡರ್‌ಗಳ ವೈರಿಂಗ್ ಮಾಡುತ್ತಲೇ ತಲೆ ನರೆತ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಯಜಮಾನರನ್ನು ಕೇಳಲಿಲ್ಲ. ನನ್ನ ಕೈಗೆ ಟಾರ್ಚು ಕೊಟ್ಟು "ಇಲ್ಲಿ ನೋಡಿ ಅಕ್ಕೋರೇ" ಎಂದರು. ಫ್ಯೂಸ್ ಇರಬೇಕಾದ ಜಾಗದಲ್ಲಿ ದಪ್ಪ ತಂತಿ ಸುತ್ತಿತ್ತು! ಹೊಸ ದೀಪದ ವೈರು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹರಿದಿತ್ತು. ಅದಕ್ಕೇ ಫ್ಯೂಸ್ ಪದೇ ಪದೇ ಹೋಗಿದೆ. ಕಾರಣ ಹುಡುಕುವ ಬದಲು ಆ ಮಹಾನುಭಾವ ತಂತಿ ಸುತ್ತಿ ಕಳಿಸಿದ್ದ. "ಫ್ಯೂಸ್ ಅಂದ್ರೆ ಮನೆ ನಾಯಿ ಇದ್ದ ಹಾಗೆ. ಬೊಗಳ್ತು ಅಂತ ಬಾಯಿ ಕಟ್ತಾರಾ?" ಎಂದರು ಹಿರಿಯರು.

ನಾನು ಓದಿದ್ದು ಬಿ.ಎ., ಬಿ.ಎಡ್. ವಿಜ್ಞಾನ ಹತ್ತನೆಯ ತರಗತಿಗೇ ಮುಗಿದಿತ್ತು. ಆದರೂ ಅವರು ಹೇಳಿದ್ದೆಲ್ಲ ನನಗೆ ಅರ್ಥವಾಯಿತು. ನಿಮಗೂ ಆಗುತ್ತದೆ, ಕೇಳಿ. ಹಳೆಯ ಇಂಡಿಕೇಟರ್ ಬಲ್ಬು 21 ವ್ಯಾಟಿನದು. 12 ವೋಲ್ಟಿನಿಂದ ಭಾಗಿಸಿದರೆ ಒಂದೂಮುಕ್ಕಾಲು ಆಂಪಿಯರ್ ವಿದ್ಯುತ್ತು. ಎಲ್‌ಇಡಿ ಎಳೆಯುವುದು ಅದರಲ್ಲಿ ಸಣ್ಣ ಪಾಲು. ದೀಪವನ್ನು ಮಿನುಗಿಸುವ ಫ್ಲ್ಯಾಶರ್ ಎಂಬ ಡಬ್ಬಿ ಹಳೆಯ ಲೆಕ್ಕಕ್ಕೆ ಹೊಂದಿಕೊಂಡದ್ದು. ವಿದ್ಯುತ್ತು ಕಡಿಮೆ ಹರಿದರೆ ಒಂದು ಬಲ್ಬು ಸುಟ್ಟಿದೆ ಎಂದು ತಿಳಿದು, ನಮ್ಮನ್ನು ಎಚ್ಚರಿಸಲು ಬೇಗ ಬೇಗ ಮಿನುಗುತ್ತದೆ. ಎಲ್‌ಇಡಿಗೆ ಒಗ್ಗುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಿದರೆ ಮುಗಿಯಿತು. ಕೆಲವರು ಅದರ ಬದಲು ರೆಸಿಸ್ಟರ್ ಕಟ್ಟುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತದೆ, ಎಲ್‌ಇಡಿ ಉಳಿಸಿದ್ದನ್ನು ತಾನು ತಿಂದುಹಾಕುತ್ತದೆ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತುವುದೇಕೆ? ದೀಪಕ್ಕೆ ಹೋದ ವಿದ್ಯುತ್ತು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಅದಕ್ಕೆ ಅರ್ತ್ ಎನ್ನುತ್ತಾರೆ. ನಮ್ಮ ಮಲೆನಾಡಿನ ಮಳೆಗೆ ಆ ಜಾಗ ತುಕ್ಕು ಹಿಡಿದಿತ್ತು. ನೇರ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಪಕ್ಕದ ದೀಪದೊಳಗೆ ನುಸುಳಿ ಹೋಗುತ್ತಿತ್ತು. ಅಷ್ಟು ಸಣ್ಣ ವಿದ್ಯುತ್ತಿಗೆ ಹಳೆಯ ಬಲ್ಬು ಹೊತ್ತುತ್ತಿರಲಿಲ್ಲ, ಎಲ್‌ಇಡಿ ಹೊತ್ತಿತು. ರೇಡಿಯೋದ ಗುಂಯ್‌ಗುಟ್ಟುವಿಕೆ ಹೆಡ್‌ಲೈಟಿನ ಎಲ್‌ಇಡಿಯೊಳಗಿನ ಎಲೆಕ್ಟ್ರಾನಿಕ್ ಭಾಗದ್ದು.

ಇನ್ನು ಹೊಟ್ಟೆ ಉರಿಯುವ ಮಾತು. ಹೆಡ್‌ಲೈಟಿನ ಅರ್ತನ್ನೂ ಉಪ್ಪು ಕಾಗದದಿಂದ ಉಜ್ಜಿ, ಹಳೆಯ ಹ್ಯಾಲೊಜನ್ ಬಲ್ಬನ್ನೇ ಮತ್ತೆ ಹಾಕಿ ನೋಡಿದರು. ಪಳಪಳ ಬೆಳಕು! ಮೊದಲು ಮಂಕಾಗಿದ್ದುದಕ್ಕೆ ಕಾರಣ ಬಲ್ಬಲ್ಲ, ತುಕ್ಕು. ಒಂದು ಚೂರು ಉಪ್ಪು ಕಾಗದದಲ್ಲಿ ಮುಗಿಯುವ ಕೆಲಸಕ್ಕೆ ನಾನು ಸಾವಿರಗಟ್ಟಲೆ ತೆತ್ತು, ಅಮ್ಮನನ್ನು ಕತ್ತಲಲ್ಲಿ ಕೂರಿಸಿದ್ದೆ.

ಎಲ್‌ಇಡಿಯನ್ನು ನಾನು ದೂರುವುದಿಲ್ಲ. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು; ಬಿಳಿ ಎಲ್‌ಇಡಿ ಬಂದದ್ದು ಅದರಿಂದಲೇ. ಆದರೆ ನಮ್ಮ ಕಾರಿನ ಹೆಡ್‌ಲೈಟಿನ ಕನ್ನಡಿಬಟ್ಟಲು ಸಣ್ಣ ತಂತಿಯೊಂದು ಉರಿಯುವ ಜಾಗವನ್ನು ಅಳೆದು ಮಾಡಿದ್ದು. ಅಲ್ಲಿ ಬೇರೆ ಆಕಾರದ ದೀಪ ಕೂರಿಸಿದರೆ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಹ ಜೋಡಿ ಅದು.

ನನ್ನ ಜಗಳ ಆ ಉತ್ತರದೊಂದಿಗೆ. ತನಗೆ ಗೊತ್ತಿಲ್ಲ ಎನ್ನಲು ನಾಚಿದವನು ನಮಗೆ ಅರ್ಥವಾಗುವುದಿಲ್ಲ ಎನ್ನುತ್ತಾನೆ. ಹೆಂಗಸು ಕಾರಣ ಕೇಳುವುದಿಲ್ಲ ಎಂಬ ಧೈರ್ಯದಿಂದಲೇ ಫ್ಯೂಸಿಗೆ ತಂತಿ ಸುತ್ತುತ್ತಾನೆ. ಅದಕ್ಕೆ ನಾವೂ ಪಾಲುದಾರರು. ಕುಕ್ಕರಿನ ಸೀಟಿ ಕೂಗದಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ ಎಂದು ಒಂದೊಂದಾಗಿ ನೋಡುವ ನಾವು, ವೈರು ಕಂಡೊಡನೆ "ಅದು ಗಂಡಸರ ಕೆಲಸ" ಎಂದು ಹಿಂದೆ ಸರಿಯುತ್ತೇವೆ. ಇದೂ ಅದೇ ಹುಡುಕಾಟ. ಮೊದಲು ಹಳೆಯ ಬಲ್ಬು ಹಾಕಿ ನೋಡುವುದು, ಆಮೇಲೆ ಫ್ಯೂಸು, ಆಮೇಲೆ ಅರ್ತು, ಕೊನೆಗೆ ಫ್ಲ್ಯಾಶರು. ರಿಪೇರಿ ನಾವೇ ಮಾಡಬೇಕೆಂದಲ್ಲ. "ಯಾವುದು ಕೆಟ್ಟಿತ್ತು? ಯಾಕೆ ಕೆಟ್ಟಿತು? ತೆಗೆದದ್ದು ಎಲ್ಲಿ, ತೋರಿಸಿ" ಎಂಬ ಮೂರು ಪ್ರಶ್ನೆ ಕೇಳಿದ ಮೇಲೆಯೇ ಪರ್ಸು ತೆರೆಯೋಣ.

ಫ್ಲ್ಯಾಶರ್ ಕೊಳ್ಳಲು ಬೇಕೆಂದೇ ಹಳೆಯ ಅಂಗಡಿಗೇ ಹೋದೆ. ಎಲ್‌ಇಡಿಗೆ ಒಗ್ಗುವಂಥದ್ದೇ ಬೇಕೆಂದು ಕೇಳಿದಾಗ ಅವನು ಹುಬ್ಬೇರಿಸಿದ. "ಯಜಮಾನರು ಹೇಳಿ ಕಳಿಸಿದ್ರಾ?"

"ಇಲ್ಲಪ್ಪ, ಅವರಿಗೂ ನಾನೇ ಹೇಳಿಕೊಡಬೇಕು" ಎಂದೆ. ಸುತ್ತಿದ್ದ ಆ ದಪ್ಪ ತಂತಿಯನ್ನು ಪರ್ಸಿನಿಂದ ತೆಗೆದು ಅವನ ಮೇಜಿನ ಮೇಲಿಟ್ಟು ಬಂದೆ.