ನಂಟರು ಬರುವುದಕ್ಕೆ ಮುಂಚೆ

ರಜೆಯು ಸಮೀಪಿಸಿತೆಂದರೆ ನಮ್ಮ ವಿದ್ಯಾರ್ಥಿನಿಯರ ಬಾಯಲ್ಲಿ ಎರಡೇ ಮಾತು. ಪರೀಕ್ಷೆ ಮುಗಿಯಿತೆಂಬುದು ಒಂದು. ಮನೆಗೆ ನಂಟರು ಬರುತ್ತಾರೆಂಬುದು ಇನ್ನೊಂದು. ದಸರೆ, ದೀಪಾವಳಿ, ಕ್ರಿಸ್ಮಸ್, ಯುಗಾದಿ, ಬೇಸಗೆಯ ರಜೆ, ಇವುಗಳಲ್ಲಿ ಯಾವುದು ಬಂದರೂ ಸಿರಿಗೆರೆಯ ಮನೆಗಳಲ್ಲಿ ಬೆಂಗಳೂರು, ದಾವಣಗೆರೆ, ಶಿವಮೊಗ್ಗೆಗಳಿಂದ ಮಕ್ಕಳು ಮೊಮ್ಮಕ್ಕಳು ಬಂದಿಳಿಯುತ್ತಾರೆ. ಇದಲ್ಲದೆ, 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದ ತರಳಬಾಳು ಮಠದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರಿಗೆ ಶ್ರದ್ಧಾಂಜಲಿಯನ್ನರ್ಪಿಸಲು ಪ್ರತಿ ವರ್ಷ ಆ ತಿಂಗಳಲ್ಲಿ ದೂರದ ಊರುಗಳವರೂ ಇಲ್ಲಿಗೆ ಬರುವುದುಂಟು. ಆದಕಾರಣ ಅತಿಥಿಗಳನ್ನು ಎದುರುಗೊಳ್ಳುವುದು ನಮ್ಮ ಊರಿಗೆ ಹೊಸ ಪಾಠವಲ್ಲ.

ಆದರೆ ನಾವು ಅದಕ್ಕಾಗಿ ಮಾಡಿಕೊಳ್ಳುವ ಸಿದ್ಧತೆಯ ಕ್ರಮವು ಸರಿಯೇ ಎಂಬುದನ್ನು ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ನಮ್ಮೊಡನೆ ಸ್ವಲ್ಪ ಯೋಚಿಸಬೇಕೆಂದು ಬೇಡುತ್ತೇವೆ. ಹಬ್ಬಕ್ಕೆ ಒಂದು ವಾರವಿರುವಾಗ ಬೀದಿಯ ಕಡೆಯ ಗೋಡೆಗೆ ಹೊಸ ಬಣ್ಣ ಬರುತ್ತದೆ. ಪಡಸಾಲೆಗೆ ಹೊಸ ಪರದೆ ಬರುತ್ತದೆ. ಅದಕ್ಕಾಗಿ ಕೆಲವರು ಕೈಗಡವನ್ನೂ ತರುತ್ತಾರೆ. ಅಡಿಗೆಮನೆಯ ಮಸಿ ಮಾತ್ರ ಹಾಗೆಯೇ ಇರುತ್ತದೆ. ಬಚ್ಚಲಿನ ಪಾಚಿಯೂ ಹಾಗೆಯೇ ಇರುತ್ತದೆ. ಮೇಲೆಲ್ಲ ತಳಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ನಾವು ಇತರರ ಮೇಲೆ ಹೇಳುತ್ತೇವೆಯೇ ಹೊರತು ನಮ್ಮ ಮನೆಯ ಮೇಲೆ ಹೇಳಿಕೊಳ್ಳುವುದಿಲ್ಲ.

ಇದನ್ನು ಅನ್ಯರ ದೋಷವೆಂದು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ಸಿಗೆ ನಮ್ಮ ಅಣ್ಣನವರ ಸಂಸಾರವು ಬರುವುದೆಂದು ತಿಳಿದಾಗ, ನಾವೂ ಮುಂದಿನ ಕೋಣೆಗೆ ಬಣ್ಣ ಹೊಡೆಸಿದೆವು. ಬಚ್ಚಲಿನ ಕಲ್ಲು ನುಣುಪಾಗಿದೆ, ಕಾಲು ನಿಲ್ಲುವುದಿಲ್ಲವೆಂದು ನಮ್ಮ ತಾಯಿಯವರು ಮಳೆಗಾಲದಿಂದಲೂ ಹೇಳುತ್ತಿದ್ದರು. ರಜೆ ಬರಲಿ, ನೋಡೋಣ ಎಂದು ನಾವು ಉತ್ತರ ಕೊಡುತ್ತಿದ್ದೆವು. ನಂಟರು ಬರುವುದಕ್ಕೆ ಎರಡು ದಿನವಿರುವಾಗ ಅವರು ಅದೇ ಕಲ್ಲಿನ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಬಂದವರಲ್ಲಿ ಒಬ್ಬರೂ ಗೋಡೆಯ ಬಣ್ಣದ ಮಾತೆತ್ತಲಿಲ್ಲ. ಅಮ್ಮನ ಕೈಗೆ ಏನಾಯಿತೆಂದು ಎಲ್ಲರೂ ಕೇಳಿದರು. ಆ ಪ್ರಶ್ನೆಗೆ ನಿಜವಾದ ಉತ್ತರವನ್ನು ಹೇಳಲು ನಮಗೆ ಬಹಳ ನಾಚಿಕೆಯಾಯಿತು.

ಅಂದಿನಿಂದ ನಮ್ಮ ಅಭಿಪ್ರಾಯವು ಸ್ಥಿರವಾಗಿದೆ. ನಂಟರಿಗಾಗಿ ಮನೆಯನ್ನು ಸರಿಪಡಿಸುವವರು ಬೀದಿಯ ಬಾಗಿಲಿನಿಂದಲ್ಲ, ಹಿತ್ತಿಲಿನ ಬಾಗಿಲಿನಿಂದ ಮೊದಲುಮಾಡತಕ್ಕದ್ದು. ಮನೆಯಲ್ಲಿ ದಿನವೂ ವಾಸಿಸುವವರಿಗೆ ಎಲ್ಲಿ ಕಷ್ಟವಿದೆಯೋ ಅಲ್ಲಿ ಮೊದಲನೆಯ ದುರಸ್ತಿಯಾಗಬೇಕು; ನಂಟರು ಹೊರಟುಹೋದ ಮೇಲೂ ಅದು ಉಳಿಯಬೇಕು. ಶೂನೇಮಿನ ಸ್ತ್ರೀಯು ಎಲೀಷನಿಗಾಗಿ ಅಣಿಮಾಡಿಸಿದ ಕೋಣೆಯಲ್ಲಿ ಮಂಚ, ಮೇಜು, ಕುರ್ಚಿ, ದೀಪ ಇವು ನಾಲ್ಕೇ ಇದ್ದುವೆಂದು ನಮ್ಮ ಮಕ್ಕಳು ಓದಿದ್ದಾರೆ. ಅವುಗಳಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ. ಬಂದವನಿಗೆ ಬೇಕಾದದ್ದು ಒಂದೂ ಬಿಟ್ಟುಹೋಗಿಲ್ಲ.

ಹೀಗಿರಲಾಗಿ ಮೊದಲು ಬಚ್ಚಲಿಗೆ ಹೋಗೋಣ. ತೆಂಗಿನ ನಾರಿನಿಂದ ಪಾಚಿಯನ್ನು ಉಜ್ಜಿ ತೆಗೆಯಿರಿ. ಬ್ಲೀಚಿಂಗ್ ಪುಡಿಯನ್ನು ಉಪಯೋಗಿಸುವವರು ಅದರೊಡನೆ ಕಕ್ಕಸು ತೊಳೆಯುವ ಆಸಿಡ್ಡನ್ನು ಎಂದಿಗೂ ಸೇರಿಸಬಾರದು. ಎರಡೂ ಕೂಡಿದರೆ ಕ್ಲೋರೀನ್ ಎಂಬ ವಿಷವಾಯು ಹೊರಡುತ್ತದೆ. ಸವೆದು ನುಣುಪಾದ ಕಲ್ಲಿಗೆ ಬೀಸುವ ಕಲ್ಲಿಗೆ ಹೊಡೆಸುವಂತೆ ಉಳಿಯ ಪೆಟ್ಟು ಹಾಕಿಸಿದರೆ ಕಾಲು ನಿಲ್ಲುತ್ತದೆ. ಗೋಡೆಗೆ ಒಂದು ಮೊಳ ಉದ್ದದ ಕಬ್ಬಿಣದ ಹಿಡಿಯನ್ನು ಭದ್ರವಾಗಿ ಜೋಡಿಸಿರಿ. ವೃದ್ಧರಿಗೂ ಬಸುರಿಯರಿಗೂ ಆ ಹಿಡಿಯು ಎಷ್ಟು ಉಪಕಾರವೆಂಬುದನ್ನು ಬಿದ್ದವರನ್ನು ಕೇಳಿ ತಿಳಿಯಬೇಕು. ಕಕ್ಕಸಿಗೆ ಹೋಗುವ ದಾರಿಯಲ್ಲಿ ಒಂದು ವಿದ್ಯುದ್ದೀಪವಿರಲಿ. ಹೊಸಬರಿಗೆ ರಾತ್ರಿಯಲ್ಲಿ ಮೆಟ್ಟಿಲು ಗೊತ್ತಾಗುವುದಿಲ್ಲ.

ಎರಡನೆಯದು ಅಡಿಗೆಮನೆ. ನಂಟರು ಬಂದಾಗ ಮನೆಯ ಹೆಂಗಸರು ಹಗಲೆಲ್ಲ ಇರುವ ಸ್ಥಳ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ಸೌದೆಯನ್ನು ಉಳಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆಯೆಂಬ ಹೆಸರು ನಮ್ಮ ಹಳ್ಳಿಗಳಿಗೆ ಪರಿಚಿತವೇ. ಈಗ ಗ್ಯಾಸು ಬಂದಿದೆ. ಆದರೂ ಹಬ್ಬದ ದೊಡ್ಡ ಅಡಿಗೆಗೆ ಸೌದೆಯ ಒಲೆಯನ್ನು ಹೊತ್ತಿಸುವ ಮನೆಗಳು ಬಹಳ ಇವೆ. ಅಂಥ ಮನೆಗಳಲ್ಲಿ ಹೊಗೆಕೊಳವೆಯ ಮಸಿಯನ್ನು ತೆಗೆಯುವುದು, ಮಾಳಿಗೆಯ ಗವಾಕ್ಷಿಯನ್ನು ಶುಚಿಮಾಡುವುದು ಇವೆರಡನ್ನೂ ಒಂದು ಬೆಳಗಿನಲ್ಲಿ ಮುಗಿಸಬಹುದು. ಮಂಗಳೂರು ಹೆಂಚಿನ ಮನೆಯಾದರೆ, ಒಲೆಯ ಮೇಲಣ ಒಂದು ಹೆಂಚನ್ನು ತೆಗೆದು ಗಾಜಿನ ಹೆಂಚನ್ನು ಕೂರಿಸಿದರೆ ಸಾಕು. ಕತ್ತಲೆಯಲ್ಲಿ ಅಕ್ಕಿಯ ಕಲ್ಲು ಆರಿಸುವ ಕಷ್ಟ ತಪ್ಪುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಆ ಹೆಂಚು ದೇಶವನ್ನೆಲ್ಲ ಸುತ್ತಿತು. ಬೆಳಕು ಮಾತ್ರ ಇನ್ನೂ ಅನೇಕ ಅಡಿಗೆಮನೆಗಳಿಗೆ ಬಂದಿಲ್ಲ.

ಮೂರನೆಯದು ನೀರು. ನಮ್ಮದು ಮಳೆ ಕಡಮೆಯಾದ ಜಿಲ್ಲೆ. ಹತ್ತು ಜನ ಬರುತ್ತಾರೆಂದು ತೊಟ್ಟಿ, ಡ್ರಮ್ಮು, ಹಂಡೆಗಳನ್ನೆಲ್ಲ ಮುಂಚಿತವಾಗಿ ತುಂಬಿಡುವುದು ಇಲ್ಲಿ ಜಾಣತನವೇ. ಆದರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಏಳೆಂಟು ದಿನಗಳು ಸಾಕು. ಆದಕಾರಣ ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿ ಒಳಬದಿಯನ್ನು ಉಜ್ಜಿ ಒಣಗಿಸಬೇಕು. ಬಾಯಿಗೆ ಹಳೆಯ ಪಂಚೆಯನ್ನು ಬಿಗಿಯಾಗಿ ಕಟ್ಟಬೇಕು. ಮೊಮ್ಮಕ್ಕಳು ಅಜ್ಜಿಯ ಮನೆಯಿಂದ ಚಕ್ಕುಲಿಯನ್ನು ಕೊಂಡುಹೋಗಲಿ, ಜ್ವರವನ್ನಲ್ಲ.

ಇವು ಮುಗಿದ ಮೇಲೆ ಗೋಡೆಯ ಸರದಿ. ಮಣ್ಣಿನ ಗೋಡೆಗೂ ಗಾರೆಯ ಗೋಡೆಗೂ ಸುಣ್ಣದಷ್ಟು ಅಗ್ಗವಾದ, ಹಿತವಾದ ಲೇಪನ ಬೇರೆ ಇಲ್ಲ. ಸುಟ್ಟ ಸುಣ್ಣದ ಹರಳನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರನ್ನು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ಕಿನ ಬಕೀಟು ಈ ಕೆಲಸಕ್ಕೆ ಸಲ್ಲದು. ಸುಣ್ಣವನ್ನು ಅರಳಿಸುವವರು ದೊಡ್ಡವರಾಗಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಎರಡು ದಿನ ನೆನೆಯಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟನ್ನೂ ಚಿಟಿಕೆ ನೀಲಿಯನ್ನೂ ಬೆರೆಸಿರಿ. ಹಳೆಯ ಪೊರೆಯನ್ನು ಕೆರೆದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಒಂದೇ ಸಲಕ್ಕೆ ದಪ್ಪವಾಗಿ ಬಳಿದ ಸುಣ್ಣವು ನಂಟರ ಬೆನ್ನಿಗೆ ಅಂಟಿಕೊಂಡು ಅವರೊಡನೆ ಊರಿಗೆ ಹೋಗುತ್ತದೆ! ಎಣ್ಣೆಬಣ್ಣ ಬಳಿದ ಗೋಡೆಯ ಮೇಲೆ ಸುಣ್ಣವು ಹಿಡಿಯುವುದಿಲ್ಲವೆಂಬುದೂ ನೆನಪಿರಲಿ.

ಹಾಸಿಗೆಗೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಹೊಲಿದ ಕೌದಿಯು ಈ ಸೀಮೆಯ ಚಳಿಗೆ ಸಾಕಾಗುತ್ತದೆ. ಅದನ್ನು ಒಗೆದು ಎರಡು ದಿನ ಬಿಸಿಲಿಗೆ ಹರಡಿದರಾಯಿತು.

ಬಂದವರು ಮುಂಭಾಗವನ್ನಲ್ಲವೇ ನೋಡುವುದು, ಮನೆತನದ ಮಾನ ಅಲ್ಲಿಯಲ್ಲವೇ ಇರುವುದು ಎಂದು ಕೆಲವರು ಕೇಳಬಹುದು. ಪಡಸಾಲೆಯು ಅಂದವಾಗಿರುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಕೈಯಲ್ಲಿರುವ ಹಣವು ಎರಡಕ್ಕೂ ಸಾಲುವುದಾದರೆ ಎರಡನ್ನೂ ಮಾಡಿರಿ. ಸಾಲದಿದ್ದರೆ ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಬಣ್ಣಕ್ಕಾಗಿ ಸಾಲ ಮಾಡಬೇಡಿರಿ. ಪಡಸಾಲೆಯಲ್ಲಿ ಕುಳಿತು ಕಾಫಿ ಕುಡಿದು ಹೋಗುವವರು ಹೊರಗಿನವರು. ಮೂರು ದಿನ ಉಳಿಯುವ ನಂಟರು ಬಚ್ಚಲನ್ನೂ ಅಡಿಗೆಮನೆಯನ್ನೂ ನೋಡಿಯೇ ಹೋಗುತ್ತಾರೆ.

ಕಡೆಯದಾಗಿ, ಈ ಕೆಲಸವು ಯಾರದು? ನಂಟರು ಬರುವುದರೊಳಗೆ ಮನೆಯ ತಾಯಿಯು ದಣಿದು ಹಾಸಿಗೆ ಹಿಡಿದರೆ ಹಬ್ಬವು ಯಾರಿಗೆ? ಪೋಷಕರೇ, ಒಂದು ತಿಂಗಳು ಮುಂಚಿತವಾಗಿ ಮೊದಲುಮಾಡಿ ವಾರಕ್ಕೊಂದು ಕೆಲಸವನ್ನು ಹಂಚಿಕೊಡಿರಿ. ಸುತ್ತಿಗೆಯನ್ನು ಹೆಣ್ಣುಮಗಳ ಕೈಗೂ ಕೊಡಿರಿ, ಪೊರಕೆಯನ್ನು ಗಂಡುಮಗನ ಕೈಗೂ ಕೊಡಿರಿ. ತ್ರಿಕೋನದ ಅಳತೆಯನ್ನು ಕಲಿತ ಹುಡುಗಿಗೆ ಗೋಡೆಗೆ ಮೊಳೆಯನ್ನು ನೆಟ್ಟಗೆ ಹೊಡೆಯಲು ಬಾರದಿದ್ದರೆ ಅದು ನಮ್ಮ ಶಾಲೆಯ ಕೊರತೆಯೆಂದೇ ನಾವು ಎಣಿಸುತ್ತೇವೆ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ಈ ಸಲದ ರಜೆಗೆ ಮುಂಚೆ ನಿಮ್ಮ ಮನೆಯ ಅತ್ಯಂತ ಹಿರಿಯರನ್ನು ಕರೆದು, ಈ ಮನೆಯಲ್ಲಿ ನಿಮಗೆ ಎಲ್ಲಿ ತೊಂದರೆಯಾಗುತ್ತದೆ ಎಂದು ಕೇಳಿರಿ. ಅವರು ತೋರಿಸಿದ ಸ್ಥಳದಲ್ಲಿ ನಿಮ್ಮ ಕೈಯಿಂದಲೇ ಒಂದು ದುರಸ್ತಿಯನ್ನು ಮಾಡಿರಿ. ನಮ್ಮ ತಾಯಿಯವರ ಬಚ್ಚಲಿನ ಗೋಡೆಗೆ ಈಗ ಒಂದು ಹಿಡಿಯಿದೆ. ಅದನ್ನು ಜೋಡಿಸಲು ನಮಗೆ ಅರ್ಧ ದಿನ ಹಿಡಿಯಿತು.