ಐವತ್ತು ದಾಟಿದವರ ರಕ್ತಹೀನತೆ ಯಾರ ಲೆಕ್ಕದಲ್ಲಿ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದಾಳಿಂಬೆ ತೋಟಗಳಿಗೆ ಬರವಿಲ್ಲ. ಕುಕನೂರಿನಲ್ಲಿ ಯಾರಿಗಾದರೂ ಡಾಕ್ಟರು ‘ರಕ್ತ ಕಡಿಮೆ ಇದೆ’ ಎಂದರೆ ಸಾಕು, ಅವರು ಮನೆ ಮುಟ್ಟುವುದರೊಳಗೆ ಓಣಿಯ ಮಂದಿ ಚಿಕಿತ್ಸೆ ಹೇಳಿ ಮುಗಿಸಿರುತ್ತಾರೆ. “ಯಕ್ಕಾ, ದಿನಾ ಒಂದು ದಾಳಿಂಬ್ರಿ ತಿನ್ನು. ಬೀಟ್‌ರೂಟ್ ರಸ ಕುಡಿ. ರಕ್ತ ತಾನ ಏರ್ತತಿ.” ಹಣ್ಣು ಕೆಂಪಗಿದೆ, ರಕ್ತವೂ ಕೆಂಪಗಿದೆ, ಅದಕ್ಕಿಂತ ದೊಡ್ಡ ಪುರಾವೆ ಯಾರಿಗೆ ಬೇಕು? ನೂರು ಗ್ರಾಂ ದಾಳಿಂಬೆ ಕಾಳಿನಲ್ಲಿ ಕಬ್ಬಿಣದ ಅಂಶ ಅರ್ಧ ಮಿಲಿಗ್ರಾಂ ಕೂಡ ಇಲ್ಲ, ಪೊಟ್ಯಾಷಿಯಂ ಮಾತ್ರ 200 ಮಿಲಿಗ್ರಾಂ ದಾಟುತ್ತದೆ. ಗಟ್ಟಿಮುಟ್ಟಾದವರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಕಿಡ್ನಿ ಸೋತವರ ಮೈಯಲ್ಲಿ ಪೊಟ್ಯಾಷಿಯಂ ಹೊರಹೋಗದೆ ಉಳಿಯುತ್ತದೆ, ಏರುತ್ತಾ ಹೋದರೆ ಹೃದಯದ ಬಡಿತವನ್ನೇ ತಪ್ಪಿಸುತ್ತದೆ.

ಇಲ್ಲಿ ಎತ್ತಬೇಕಾದ ತಕರಾರು ದಾಳಿಂಬೆಯ ಮೇಲಲ್ಲ. ಐವತ್ತು ದಾಟಿದವರಿಗೆ, ಅದರಲ್ಲೂ ಹತ್ತಾರು ವರ್ಷದಿಂದ ಶುಗರ್, ಬಿಪಿ ಇದ್ದವರಿಗೆ ರಕ್ತ ಕಡಿಮೆಯಾದಾಗ ಕಿಡ್ನಿ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ಕಿಡ್ನಿಯ ಕೆಲಸ ರಕ್ತ ಸೋಸಿ ಮೂತ್ರ ಮಾಡುವುದಕ್ಕೇ ಮುಗಿಯುವುದಿಲ್ಲ. ಎಲುಬಿನ ಮಜ್ಜೆಗೆ ‘ಕೆಂಪು ಕಣ ತಯಾರಿಸು’ ಎಂದು ಹೇಳುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ದೊಡ್ಡವರಲ್ಲಿ ಹೆಚ್ಚುಕಡಿಮೆ ಪೂರ್ತಿ ಹುಟ್ಟುವುದು ಅಲ್ಲೇ. ಕಿಡ್ನಿ ಕುಗ್ಗಿದಷ್ಟೂ ಆ ಹಾರ್ಮೋನು ಕಡಿಮೆಯಾಗುತ್ತದೆ. ಸಾಲದ್ದಕ್ಕೆ, 120 ದಿನ ಬದುಕಬೇಕಾದ ಕೆಂಪು ಕಣ ಈ ರೋಗಿಗಳಲ್ಲಿ ಮೊದಲೇ ಸಾಯುತ್ತದೆ. ಅಮೆರಿಕದ 2007–2010ರ ಆರೋಗ್ಯ ಸಮೀಕ್ಷೆಯಲ್ಲಿ ಕಿಡ್ನಿ ರೋಗದ ಮೊದಲ ಹಂತದಲ್ಲಿದ್ದವರ ಪೈಕಿ ಶೇ 8.4 ಮಂದಿಗೆ ರಕ್ತಹೀನತೆ ಇತ್ತು, ಕೊನೆಯ, ಅಂದರೆ ಐದನೇ ಹಂತದವರಲ್ಲಿ ಅದು ಶೇ 53.4. ಶುಗರ್ ಇದ್ದವರಿಗೆ ಈ ಕಾಟ ಬೇರೆಯವರಿಗಿಂತ ಬೇಗ ಶುರುವಾಗುತ್ತದೆ. ಮೂತ್ರದಲ್ಲಿ ಪ್ರೋಟೀನು ಸೋರುವವರಿಗೂ ಅಪಾಯ ಜಾಸ್ತಿ.

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿತ್ತು. ಹೆರಿಗೆ, ಮುಟ್ಟು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ, ಊಟದ ಬೆನ್ನಿಗೇ ಚಹಾ: ಮೈಯೊಳಗಿನ ಕಬ್ಬಿಣದ ಗಂಟು ಮೊದಲೇ ಕರಗಿರುತ್ತದೆ. ಅಂಥವರಿಗೆ ಐವತ್ತರ ನಂತರ ಕಿಡ್ನಿಯೂ ಕೈಕೊಟ್ಟರೆ ತಡೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಇನ್ನು ನೀರಿನ ವಿಷಯ. ಕೊಪ್ಪಳ ಜಿಲ್ಲೆಯ, ಮುಖ್ಯವಾಗಿ ಯಲಬುರ್ಗಾ, ಕುಷ್ಟಗಿ ಭಾಗದ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಸೊಂಟ, ಮೊಣಕಾಲು ಹಿಡಿದುಕೊಳ್ಳುತ್ತವೆ. ನೋವು ತಡೆಯದೆ ಹೋಗುವುದು ಎಲ್ಲಿಗೆ? ಹತ್ತಿರದ ಮೆಡಿಕಲ್ ಶಾಪಿಗೆ. ಚೀಟಿ ಇಲ್ಲದಿದ್ದರೂ ಡೈಕ್ಲೊಫೆನಾಕ್ ಸಿಗುತ್ತದೆ, ಅಸಿಕ್ಲೊಫೆನಾಕ್ ಸಿಗುತ್ತದೆ. ಬೆಳಿಗ್ಗೆ ಒಂದು ನುಂಗಿ ಹೊಲಕ್ಕೆ ಹೋದರೆ ಸಂಜೆತನಕ ಕಳೆ ತೆಗೆಯಬಹುದು. ಈ ಗುಳಿಗೆಗಳು ಎರಡು ಕಡೆಯಿಂದ ಹೊಡೆಯುತ್ತವೆ. ಒಂದು ಕಡೆ ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ತಗ್ಗಿಸುತ್ತವೆ, ಬಿಸಿಲಿಗೆ ಬೆವರಿ ನೀರು ಕಡಿಮೆ ಕುಡಿದ ದಿನ ಇನ್ನೂ ಹೆಚ್ಚು. ಇನ್ನೊಂದು ಕಡೆ ಜಠರದಲ್ಲಿ ಹುಣ್ಣು ಮಾಡಿ ಗೊತ್ತಾಗದಂತೆ ರಕ್ತ ಸೋರಿಸುತ್ತವೆ. ಮಲ ಕಪ್ಪಗೆ ಹೋಗುತ್ತಿದೆ ಎಂದು ಯಾರೂ ತಾವಾಗಿ ಡಾಕ್ಟರಿಗೆ ಹೇಳುವುದಿಲ್ಲ, ಕೇಳಬೇಕು. ಫ್ಲೋರೈಡ್ ಎಂದಾಗ ನಾವು ಹಲ್ಲಿನ ಕಲೆಯನ್ನಷ್ಟೇ ನೋಡುತ್ತೇವೆ, ಅದರ ಬೆನ್ನಿಗೆ ಬರುವ ಗುಳಿಗೆಯ ಪೊಟ್ಟಣ ಕಣ್ಣಿಗೆ ಬೀಳುವುದಿಲ್ಲ.

ಕಬ್ಬಿಣದ ಗುಳಿಗೆ ಕೊಟ್ಟರೂ ರಕ್ತ ಏರದ ರೋಗಿಗಳಿದ್ದಾರೆ. ಅವರನ್ನು ‘ಸರಿಯಾಗಿ ನುಂಗಿಲ್ಲ’ ಎಂದು ಗದರಿಸುವುದು ಸುಲಭ. ವಾಸಿಯಾಗದ ಕಾಲಿನ ಗಾಯ, ಪದೇಪದೇ ಬರುವ ಮೂತ್ರದ ಸೋಂಕು, ಕಿಡ್ನಿ ರೋಗದ್ದೇ ಒಳ ಉರಿಯೂತ, ಇವೆಲ್ಲ ಸೇರಿ ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ಅದು ಹೆಚ್ಚಾದರೆ ಕರುಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ಮೈಯೊಳಗೆ ಕೂಡಿಟ್ಟದ್ದೂ ಮಜ್ಜೆಗೆ ಸಿಗುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ. ಬಿ12, ಫೋಲೇಟ್ ಕೊರತೆಯನ್ನೂ ನೋಡಬೇಕು.

ಡಯಾಲಿಸಿಸ್ ಹಿಡಿದವರದು ಬೇರೆಯೇ ಲೆಕ್ಕ. ಪ್ರತಿ ಸಲ ಯಂತ್ರದ ನಳಿಕೆಗಳಲ್ಲಿ ಒಂದಿಷ್ಟು ರಕ್ತ ಉಳಿಯುತ್ತದೆ, ತಪಾಸಣೆಗೆಂದು ಇನ್ನೊಂದಿಷ್ಟು ಹೋಗುತ್ತದೆ. ವರ್ಷದಲ್ಲಿ ಹೀಗೆ ಹೋಗುವ ಕಬ್ಬಿಣವೇ 1ರಿಂದ 2 ಗ್ರಾಂ. ಮನುಷ್ಯನ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಎಂಬುದು ನೆನಪಿರಲಿ. ರಕ್ತ ತೀರಾ ಇಳಿದಾಗ ಮನೆಯವರು ‘ಒಂದು ಬಾಟಲಿ ಹಾಕಿಸಿಬಿಡಿ’ ಎಂದು ದುಂಬಾಲು ಬೀಳುವುದುಂಟು. ಜೀವಕ್ಕೆ ಬಂದಾಗ ಹಾಕಲೇಬೇಕು. ಆದರೆ ಪರರ ರಕ್ತ ಪಡೆದ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡರೆ ಮುಂದೆ ಕಿಡ್ನಿ ಕಸಿಗೆ ಹೊಂದುವ ದಾನಿ ಸಿಗುವುದೇ ಕಷ್ಟ.

ಔಷಧಿಯೇನೋ ಇದೆ. ಷಿಕಾಗೊದ ಯೂಜಿನ್ ಗೋಲ್ಡ್‌ವಾಸರ್ ತಂಡ 1977ರಲ್ಲಿ ಎರಿಥ್ರೊಪೊಯೆಟಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಜಪಾನಿನ ರೋಗಿಗಳ 2,550 ಲೀಟರ್ ಮೂತ್ರದಿಂದ. 1989ರಲ್ಲಿ ಅದರ ಇಂಜೆಕ್ಷನ್ ಅಮೆರಿಕದ ಮಾರುಕಟ್ಟೆಗೆ ಬಂತು. ಹಿಮೋಗ್ಲೋಬಿನ್ ಅನ್ನು 13ರ ಮೇಲಕ್ಕೆ ಒಯ್ಯುವ ಹಟ ಮಾಡಿದರೆ ಪಾರ್ಶ್ವವಾಯು, ಹೃದಯದ ತೊಂದರೆಯ ಅಪಾಯ ಹೆಚ್ಚುತ್ತದೆ ಎಂಬುದನ್ನು 2006 ಮತ್ತು 2009ರ ದೊಡ್ಡ ಅಧ್ಯಯನಗಳು ತೋರಿಸಿದವು. ಹಾಗಾಗಿ ವೈದ್ಯರು ಈಗ ಸಾಮಾನ್ಯವಾಗಿ 10ರಿಂದ 11.5ರ ನಡುವೆ ನಿಲ್ಲಿಸುತ್ತಾರೆ. ಇಂಜೆಕ್ಷನ್ ಫ್ರಿಜ್‌ನಲ್ಲೇ ಇರಬೇಕು. ಕರೆಂಟು ಬಂದು ಹೋಗುವ ಹಳ್ಳಿಗೆ ಇದು ಸಣ್ಣ ಮಾತಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಪಡೆದ ಡೆಸಿಡುಸ್ಟಾಟ್ ಗುಳಿಗೆ ಆ ಮಟ್ಟಿಗೆ ಅನುಕೂಲ. ವೈದ್ಯರ ನಿಗಾ ಅದಕ್ಕೂ ಬೇಕು.

ಇಷ್ಟೆಲ್ಲ ಇದ್ದರೂ ರೋಗಿ ಕೈತಪ್ಪುವುದು ಸರ್ಕಾರದ ಎರಡು ಕಡತಗಳ ನಡುವೆ. 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಬಾಣಂತಿಯರು, ಹೆರುವ ವಯಸ್ಸಿನ ಮಹಿಳೆಯರಿಗಾಗಿ. ಅದು ಸರಿಯೇ. ಆದರೆ ಅರವತ್ತರ ಅಜ್ಜಿ ಅದರಲ್ಲಿಲ್ಲ, ಅಜ್ಜನಂತೂ ಮೊದಲೇ ಇಲ್ಲ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯೂ ಮಹಿಳೆಯರ ರಕ್ತ ನೋಡುವುದನ್ನು 49ಕ್ಕೇ ನಿಲ್ಲಿಸಿತ್ತು. ಇತ್ತ 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ರೋಗಿಯನ್ನು ಗುರುತಿಸುವುದು ಆತ ಯಂತ್ರದ ಬಳಿಗೆ ಬಂದ ಮೇಲೆ. ನಡುವಿನ ಹತ್ತು ಹದಿನೈದು ವರ್ಷ, ಅಂದರೆ ಏನಾದರೂ ಮಾಡಬಹುದಾಗಿದ್ದ ಕಾಲ, ಯಾರ ಪಾಲಿಗೂ ಸೇರುವುದಿಲ್ಲ.

ಸರಿಪಡಿಸಲು ದೊಡ್ಡ ಕಟ್ಟಡವೇನೂ ಬೇಡ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಎರಡರಲ್ಲಿ ಒಂದು ಹೆಚ್ಚಿದ್ದವರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿ, ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆಗೆ ಚೀಟಿ ಬರೆಯಲಿ. ಗಂಡಸರ ಹಿಮೋಗ್ಲೋಬಿನ್ 13ಕ್ಕಿಂತ, ಹೆಂಗಸರದು 12ಕ್ಕಿಂತ ಕೆಳಗಿದ್ದು ಕ್ರಿಯಾಟಿನಿನ್ ಏರಿದ್ದರೆ, ಮೈಯೊಳಗೆ ಕೂಡಿಟ್ಟ ಕಬ್ಬಿಣ ಎಷ್ಟೆಂದು ಹೇಳುವ ಫೆರಿಟಿನ್ ತಪಾಸಣೆಗೆ ಕುಕನೂರಿನವರು ಗದಗಿಗೋ ಹುಬ್ಬಳ್ಳಿಗೋ ಕೈಯಿಂದ ದುಡ್ಡು ಹಾಕಿಕೊಂಡು ಓಡುವಂತಾಗಬಾರದು. ತಾಲೂಕು ಕೇಂದ್ರದಲ್ಲೇ ರಕ್ತ ತೆಗೆದು ಮಾದರಿಯನ್ನು ಕೊಪ್ಪಳದ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬಹುದು.